ನೆರೆಮನೆಯ ಕೂಸಿನ ಬಗ್ಗೆ ಲಕ್ಷ್ಯವಿಲ್ಲವೆಂದು ಕಂಡಾಗ



ಈ ಸಲ ಬೀಜ-ಗೊಬ್ಬರದ ಮಾತನ್ನು ಬದಿಗಿಟ್ಟು ಬೇರೊಂದು ವಿಷಯ ಬರೆಯುತ್ತಿದ್ದೇನೆ. ದೀಪಾವಳಿ ಮುಗಿಯುತ್ತಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರು-ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಕಟ್ಟಡದ ಕೆಲಸಕ್ಕೆ ಗೋವಾಕ್ಕೆ. ಮುಳವಾಡ ಏತ ನೀರಾವರಿಯಿಂದ ಆಲಮಟ್ಟಿಯ ನೀರು ಬಂದ ಊರುಗಳ ಸ್ಥಿತಿ ಸುಧಾರಿಸಿದೆ, ನಿಜ. ಆದರೆ ಹೊಲವೇ ಇಲ್ಲದವನಿಗೆ ಕಾಲುವೆ ಬಂದರೂ ಕೂಲಿ ತಪ್ಪಿದ್ದಲ್ಲ. ಇಂಥವರ ಮಕ್ಕಳು ಆಯಿ-ಮುತ್ಯಾನ ಹತ್ತಿರ ಉಳಿಯುತ್ತಾರೆ. ಊರಲ್ಲೇ ಕೂಲಿ ಮಾಡುವ ತಾಯಿ ಕೈಕೂಸನ್ನು ಎಂಟು ವರ್ಷದ ಅಕ್ಕನ ಬಗಲಿಗೆ ಕೊಟ್ಟು ಹೊಲಕ್ಕೆ ನಡೆಯುತ್ತಾಳೆ. ಆ ಹುಡುಗಿಯ ಸಾಲೆ ಅಲ್ಲಿಗೆ ನಿಂತಿತು.

ಆಗ ಅಗಸಿ ಕಟ್ಟೆಯ ಮೇಲೆ ಮಾತು ಹುಟ್ಟುತ್ತದೆ: "ಹಡದರ ಸಾಕೇನು, ನೋಡಕೋಬಾರದಾ?" ಇಷ್ಟು ಅಂದು ಎಲೆ-ಅಡಿಕೆ ಉಗುಳಿ ಏಳುತ್ತೇವೆ. ಕೂಸು ಹಸಿದಿದ್ದರೆ ಹಸಿದೇ ಇರುತ್ತದೆ.

ನಿಮ್ಮ ಜೋಳದ ಹೊಲದಲ್ಲಿ ಎಳೆ ಸಸಿಯ ಸುಳಿ ಒಣಗಿದರೆ ನೀರು ಸಾಲದೆಂದು ಸುಮ್ಮನೆ ತೀರ್ಮಾನಿಸುವಿರಾ? ಸುಳಿ ಎಳೆದು ನೋಡುತ್ತೀರಿ. ಕೊಳೆತ ಬುಡದೊಡನೆ ಕಿತ್ತು ಬಂದರೆ ಸುಳಿನೊಣದ ಹುಳು ಒಳಗಿದೆಯೆಂದು ತಿಳಿಯುತ್ತೀರಿ. ನೆರೆಮನೆಯ ಕೂಸಿನ ವಿಷಯದಲ್ಲೂ ಮೊದಲು ಕಾರಣ ನೋಡಬೇಕು. ಮೈ ಕೊಳೆಯಾಗಿದೆ, ಅಂಗಿ ಹರಿದಿದೆ ಎಂಬುದು ಬಡತನವಿರಬಹುದು. ತಾಯಿ ಹೆರಿಗೆಯಾದ ಮೇಲೆ ಮಂಕಾಗಿ ಕೂತಿದ್ದಾಳೆ, ಕೂಸನ್ನು ಎತ್ತಿಕೊಳ್ಳಲೂ ಒಲ್ಲಳು ಎಂದರೆ ಅದು ಸೋಮಾರಿತನವಲ್ಲ, ಚಿಕಿತ್ಸೆ ಬೇಕಾದ ಬೇನೆ ಇರಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿರಿ. ತಂದೆಯ ಕೂಲಿಯೆಲ್ಲ ಸೆರೆಯ ಅಂಗಡಿಗೆ ಹೋಗುತ್ತಿದ್ದರೆ ಕಾರಣವೇ ಬೇರೆ, ಮದ್ದೂ ಬೇರೆ. ಆಯಿಗೆ ಕಣ್ಣು ಮಂಜಾಗಿದ್ದರೆ ಅವಳು ಎಷ್ಟೆಂದು ಓಡಾಡಿ ನೋಡಿಕೊಂಡಾಳು?

ಕೇಳುವುದು ಹೇಗೆ? "ಕೂಸಿಗೆ ಯಾಕ ಉಣ್ಣಾಕ ಕೊಟ್ಟಿಲ್ಲ?" ಎಂದು ಹೊಸ್ತಿಲಲ್ಲಿ ನಿಂತು ಕೇಳಿದರೆ ಬಾಗಿಲು ಮುಚ್ಚುತ್ತದೆ. ಈ ಕೆಲಸ ಹೆಣ್ಣುಮಕ್ಕಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ. "ತಂಗೀ, ನೀ ಹೊಲದಿಂದ ಬರೂತನಾ ಕೂಸು ನಮ್ಮನ್ಯಾಗ ಇರ್ಲಿ, ನಮ್ಮ ಹುಡುಗರ ಜೋಡಿ ಒಂದ್ ತುತ್ತು ಉಣ್ತದ" ಎಂದರೆ ಒಳಗಿನ ಕಷ್ಟ ತಾನೇ ಹೊರಬರುತ್ತದೆ. ಒಂದು ರೊಟ್ಟಿ ನಿಮಗೆ ಭಾರವಲ್ಲ. ಆದರೆ ದಿನವೂ ಒಬ್ಬರೇ ಹೊರುವುದು ಆಗದ ಮಾತು. ಅದಕ್ಕೆ ಊರಲ್ಲಿ ಇರುವ ಸವಲತ್ತು ಗೊತ್ತಿರಬೇಕು.

ಅಂಗನವಾಡಿಯಲ್ಲಿ 6 ತಿಂಗಳಿನಿಂದ 6 ವರ್ಷದವರೆಗಿನ ಮಕ್ಕಳಿಗೆ ಪೌಷ್ಟಿಕ ಆಹಾರವಿದೆ. 3 ವರ್ಷದೊಳಗಿನವರ ಪಾಲನ್ನು ಮನೆಗೆ ಒಯ್ಯಬಹುದು. ತಂದೆ-ತಾಯಿ ಗುಳೆ ಹೋಗಿದ್ದಾರೆಂದು ಆಯಿ ಕೇಳಲು ಸಂಕೋಚಪಡುತ್ತಿದ್ದರೆ ನೀವೇ ಕೈಹಿಡಿದು ಕರೆದೊಯ್ಯಿರಿ. 2023ರಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ, ಕೂಲಿಗೆ ಹೋಗುವ ತಾಯಂದಿರ ಸಣ್ಣ ಮಕ್ಕಳಿಗಾಗಿ 'ಕೂಸಿನ ಮನೆ' ತೆರೆಯುವ ಯೋಜನೆ ಬಂತು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿರಿ. ಕೂಸಿನ ಮನೆ ನಡೆದರೆ ಆ ಎಂಟು ವರ್ಷದ ಅಕ್ಕ ಮರಳಿ ಸಾಲೆಗೆ ಹೋಗಬಹುದು.

ಕೆಲವು ಲಕ್ಷಣ ಕಂಡಾಗ ಮಾತ್ರ ಮಾತುಕತೆಗೆಂದು ದಿನ ದೂಡಬಾರದು. ಅಂಗನವಾಡಿಯವರು ಕೂಸಿನ ರಟ್ಟೆಗೆ ಪಟ್ಟಿ ಸುತ್ತಿ ಅಳೆಯುತ್ತಾರೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಎರಡೂ ಪಾದ ಬಾತು, ಒತ್ತಿದರೆ ಕುಳಿ ಬೀಳುವುದೂ ಹಾಗೆಯೇ. "ಕೂಸು ಮೈ ಕೈ ತುಂಬಿಕೊಂಡಿದೆ" ಎಂದು ಮೋಸಹೋಗುವವರಿದ್ದಾರೆ. ಇಂಥ ಕೂಸನ್ನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು.

ಸಣ್ಣ ಮಗುವನ್ನು ಒಳಗಿಟ್ಟು ಕೀಲಿ ಹಾಕಿ ಹೋಗುವುದು, ಮೈಮೇಲೆ ಬಾಸುಂಡೆ ಅಥವಾ ಸುಟ್ಟ ಗಾಯ ಮತ್ತೆ ಮತ್ತೆ ಕಾಣುವುದು, ಬೇನೆ ಬಿದ್ದರೂ ಔಷಧ ಕೊಡಿಸದಿರುವುದು, ಮಗುವನ್ನು ಯಾರ ಕೈಗೂ ಒಪ್ಪಿಸದೆ ಹೊರಟುಹೋಗುವುದು ಇವು ಕಂಡರೆ 1098ಕ್ಕೆ ಫೋನು ಮಾಡಿರಿ. ಅದು ಮಕ್ಕಳ ಸಹಾಯವಾಣಿ. ಹಗಲು-ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ, ಕರೆ ಮಾಡಿದವರ ಹೆಸರನ್ನು ಗುಟ್ಟಾಗಿಡುತ್ತಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರಂತೂ ಪೊಲೀಸರಿಗೆ ತಿಳಿಸುವುದು 2012ರ ಕಾಯ್ದೆಯಂತೆ ಪ್ರತಿಯೊಬ್ಬರಿಗೂ ಕಡ್ಡಾಯ. ಊರ ಮರ್ಯಾದೆ ಎಂದು ಪಂಚರು ಕೂತು ಮುಗಿಸುವ ವಿಷಯ ಅದಲ್ಲ.

"ಫೋನು ಮಾಡಿದರೆ ಮಗುವನ್ನು ಕಸಿದುಕೊಂಡು ಹೋಗುತ್ತಾರಂತೆ, ತಾಯಿಯನ್ನು ಜೈಲಿಗೆ ಹಾಕುತ್ತಾರಂತೆ" ಎಂಬ ಅಂಜಿಕೆಯಿಂದ ಅನೇಕರು ಬಾಯಿ ಬಿಡುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಹಾಗೆ ಹೇಳುವುದಿಲ್ಲ. ಮಗು ತನ್ನ ಮನೆಯಲ್ಲೇ ಬೆಳೆಯಬೇಕು, ಬಾಲಮಂದಿರ ಕೊಟ್ಟಕೊನೆಯ ದಾರಿ ಎಂಬುದೇ ಅದರ ತತ್ವ. ಬೇಕೆಂದೇ ಮಗುವನ್ನು ಅಲಕ್ಷಿಸಿ ನರಳಿಸಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ ಇದೆ. ಆದರೆ ಹೆತ್ತವರು ತಮ್ಮ ಕೈಮೀರಿದ ಪರಿಸ್ಥಿತಿಯಿಂದ ಮಗುವನ್ನು ಬಿಟ್ಟಿದ್ದರೆ ಅವರಿಗೆ ಆ ಶಿಕ್ಷೆ ತಗಲದೆಂದು ಅದೇ ಕಲಮಿನಲ್ಲಿ ಬರೆದಿದೆ. ಮಗುವಿನ ಆರೈಕೆಯ ತೀರ್ಮಾನ ಮಾಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ದಿಕ್ಕಿಲ್ಲದ ಮಗು ಸಿಕ್ಕರೆ 24 ತಾಸಿನೊಳಗೆ ಆ ಸಮಿತಿಯ ಮುಂದೆ ಹಾಜರುಪಡಿಸಬೇಕು. ನಮ್ಮನೆಯಲ್ಲೇ ಇರಲಿ ಎಂದು ಯಾರಿಗೂ ಹೇಳದೆ ಇಟ್ಟುಕೊಳ್ಳುವುದೂ ತಪ್ಪಾಗುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಹಿಯಾದರೂ ಹೇಳುತ್ತೇನೆ. ಬದುವಿನ ಜಗಳದ ಸೇಡಿಗೆ ನೆರೆಯವನ ಮೇಲೆ ಮಕ್ಕಳ ಹೆಸರಿನಲ್ಲಿ ಸುಳ್ಳು ದೂರು ಕೊಡಬೇಡಿರಿ. ಕಂಡದ್ದನ್ನು ಕಂಡಷ್ಟೇ ಹೇಳಿರಿ: ಯಾವ ದಿನ, ಏನು ನೋಡಿದಿರಿ, ಎಷ್ಟು ಸಲ.

ಹಾಗೆಯೇ, ನೋಡುವವರಿಲ್ಲದೆ ತಿರುಗುವ ಕೂಸು ನಿಮ್ಮ ಹೊಲಕ್ಕೂ ಬರುತ್ತದೆ ಎಂಬುದು ನೆನಪಿರಲಿ. 2014ರಲ್ಲಿ ವಿಜಯಪುರದ ಹತ್ತಿರ ನಾಗಠಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಹುಡುಗಿ ಉಳಿಯಲಿಲ್ಲ. 2024ರ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಹಾಗೆ ಬಿದ್ದ ಎರಡು ವರ್ಷದೊಳಗಿನ ಕೂಸನ್ನು ಸುಮಾರು 20 ತಾಸಿನ ಮೇಲೆ ಜೀವಂತವಾಗಿ ಎತ್ತಿದರು. ನೀರು ಬೀಳದ ಬಾವಿಯನ್ನು ಮಣ್ಣು-ಕಲ್ಲಿನಿಂದ ನೆಲಮಟ್ಟದವರೆಗೆ ತುಂಬಿರಿ. ನೀರು ಬಿದ್ದ ಬಾವಿಗೆ ಮೋಟಾರು ಇಳಿಸುವತನಕ ಕಾಯದೆ, ಕೊರೆಯುವ ಲಾರಿ ಹೊಲ ಬಿಡುವ ಮೊದಲೇ ಕೇಸಿಂಗ್ ಪೈಪಿಗೆ ಕಬ್ಬಿಣದ ಮುಚ್ಚಳ ಹಾಕಿಸಿರಿ.