ಹಿತ್ತಲಲ್ಲಿ ಚಳಿಗಾಲದ ಕಾಯಿಪಲ್ಯ

ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ಸೀಮೆಯ ನಮ್ಮ ಒಕ್ಕಲು ಮನೆಗಳಲ್ಲಿ ಹಿಂಗಾರಿ ಜೋಳ, ಕಡಲೆಗಳ ಬಿತ್ತನೆ ತೀರಿದ ಮೇಲೆ ಹಿತ್ತಲ ಕಡೆಗೆ ಲಕ್ಷ್ಯ ಕೊಡುವವರು ಕಡಿಮೆ. ಭೂಮಿಯುಳ್ಳ ನಾವೇ ಸಂತೆಯಿಂದ ಬಾಡಿದ ಮೆಂತ್ಯೆಯ ಕಟ್ಟು ಹೊತ್ತು ತರುತ್ತೇವೆ. ಕೈಯಲ್ಲಿ ದುಡ್ಡಿಲ್ಲದ ವಾರ ಅದೂ ಇಲ್ಲ. ಮಕ್ಕಳು ರೊಟ್ಟಿಗೆ ಖಾರ ಹಚ್ಚಿಕೊಂಡು ಉಂಡೇಳುತ್ತವೆ. ರಕ್ತವೃದ್ಧಿಗೆ ಬೇಕಾದ ಕಬ್ಬಿಣದ ಅಂಶ ತಪ್ಪಲು ಪಲ್ಯದಲ್ಲಿದೆ; ಮೇಲೆ ಲಿಂಬೆಹುಳಿ ಹಿಂಡಿಕೊಂಡರೆ ಅದು ಮೈಗೆ ಇನ್ನಷ್ಟು ಹತ್ತುತ್ತದೆ. ಬೆಳೆಯುವ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಇದು ತಪ್ಪಬಾರದು.

“ಕುಡಿಯಲಿಕ್ಕೇ ನೀರಿನ ತ್ರಾಸು, ಹಿತ್ತಲಿಗೆ ಎಲ್ಲಿಂದ ತರೋಣ?” ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. 10 ಫೂಟು ಉದ್ದ, 4 ಫೂಟು ಅಗಲದ ಒಂದು ಮಡಿಗೆ ಚಳಿಗಾಲದಲ್ಲಿ ದಿನಕ್ಕೆ ಸುಮಾರು 15 ಲೀಟರು, ಅಂದರೆ ಒಂದು ಕೊಡ ನೀರು ಸಾಕು. ಆರು ಮಡಿಗೆ ಆರು ಕೊಡ. ಆರೂ ಮಡಿಗಳ ನೆಲ ಕೂಡಿ 240 ಚದರ ಫೂಟು. ಕಾಲು ಗುಂಟೆಯೂ ಅಲ್ಲ. ಕಾಯಿಪಲ್ಯ, ಅಕ್ಕಿ-ಬೇಳೆ ತೊಳೆದ ನೀರನ್ನು ತಪ್ಪಲಿನ ಮಡಿಗೂ, ಮೈ ತೊಳೆದ ನೀರನ್ನು ಬದನೆ, ಅವರೆಗಳ ಬುಡಕ್ಕೂ ಹಾಯಿಸಬೇಕು. ಸಾಬೂನಿನ ನೀರನ್ನು ದಿನವೂ ಒಂದೇ ಕಡೆ ಬಿಟ್ಟರೆ ಎರೆಮಣ್ಣು ಗಟ್ಟಿಯಾಗುತ್ತದೆ; ಆದ್ದರಿಂದ ಜಾಗ ಬದಲಿಸುತ್ತಿರಬೇಕು. ಹಸಿಯಾಗಿ ತಿನ್ನುವ ಮೂಲಂಗಿ, ಕೊತಂಬರಿಗಳಿಗೆ ಅದು ಬೇಡ. ಗಿಡಗಳ ನಡುವೆ ಒಣಹುಲ್ಲನ್ನೋ ಕಬ್ಬಿನ ರವದಿಯನ್ನೋ ಹೊದಿಸಿದರೆ ನೀರು ಉಳಿಯುತ್ತದೆ.

ಹಸ್ತ ಮಳೆ ಮುಗಿದು ಮಣ್ಣು ಕೈಗೆ ಅಂಟದ ಹದಕ್ಕೆ ಬಂದಾಗ ಮಡಿ ಕಟ್ಟತಕ್ಕದ್ದು. ಪ್ರತಿ ಮಡಿಗೆ ಒಂದು ಪುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಮೊದಲನೆಯದರಲ್ಲಿ ಮೆಂತ್ಯೆ, ಎರಡನೆಯದರಲ್ಲಿ ಪಾಲಕ ಮತ್ತು ಕೊತಂಬರಿ, ಮೂರನೆಯದರಲ್ಲಿ ಮೂಲಂಗಿ ಮತ್ತು ಗಜ್ಜರಿ, ನಾಲ್ಕನೆಯದರಲ್ಲಿ ಉಳ್ಳಾಗಡ್ಡಿ, ಐದನೆಯದರಲ್ಲಿ ಬದನೆ, ಆರನೆಯದರಲ್ಲಿ ಅವರೆ. ಪೇಟೆಯ ಬೀಜದ ಪೊಟ್ಟಣಗಳ ಮೇಲೆ ಮರಾಠಿಯಿರುತ್ತದೆ: ‘ಕೋಥಿಂಬೀರ’ ಎಂದರೆ ಕೊತಂಬರಿ, ‘ಮುಳಾ’ ಎಂದರೆ ಮೂಲಂಗಿ, ‘ವಾಂಗೀ’ ಎಂದರೆ ಬದನೆ.

ಬೀಜವನ್ನೆಲ್ಲ ಒಂದೇ ದಿನ ಚೆಲ್ಲುವುದು ದೊಡ್ಡ ತಪ್ಪು. ಹಾಗೆ ಮಾಡಿದರೆ ಒಂದು ವಾರ ತಿಂದು ಮುಗಿಯದಷ್ಟು ಪಲ್ಯ, ಮುಂದೆ ತಿಂಗಳುಗಟ್ಟಲೆ ಬರಿ ಮಡಿ. ಮೆಂತ್ಯೆಯ ಮಡಿಯನ್ನು ಮೂರು ಪಾಲು ಮಾಡಿ, ಹತ್ತು ದಿನಕ್ಕೊಂದು ಪಾಲು ಬಿತ್ತಬೇಕು. ಮೆಂತ್ಯೆ ಸುಮಾರು 30 ದಿನಕ್ಕೆ ಕೀಳಲು ಬರುವುದರಿಂದ, ಮೂರನೆಯ ಪಾಲು ಬಿತ್ತಿ ಹತ್ತು ದಿನವಾಗುವಷ್ಟರಲ್ಲಿ ಮೊದಲನೆಯ ಪಾಲು ತೆರವಾಗಿ ಮತ್ತೆ ಬಿತ್ತನೆಗೆ ಸಿದ್ಧವಾಗುತ್ತದೆ. ಕೊತಂಬರಿ ಬೀಜವನ್ನು ತಿಕ್ಕಿ ಎರಡು ಹೋಳು ಮಾಡಿ, ರಾತ್ರಿ ನೆನೆಯಿಟ್ಟು ಬಿತ್ತಬೇಕು. ಪಾಲಕವನ್ನು ಬೇರು ಸಹಿತ ಕೀಳದೆ ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ. ಮೂಲಂಗಿಗೆ 45 ದಿನ, ಗಜ್ಜರಿಗೆ 90 ದಿನ ಬೇಕು. ದೀಪಾವಳಿಯೊಳಗೆ ಬಿತ್ತಿದವರಿಗೆ ಎಳ್ಳಮಾಸಿಯ ಭಜ್ಜಿಗೂ ಭೋಗಿಯ ದಿನ ಸಜ್ಜಿ ರೊಟ್ಟಿಯೊಡನೆ ಉಣ್ಣುವ ಬೆರಕೆ ಪಲ್ಯಕ್ಕೂ ಸಂತೆಯ ಹಂಗಿರದು.

ಮೋಡ ಕವಿದ ದಿನಗಳಲ್ಲಿ ಅವರೆಯ ಕುಡಿಗಳಿಗೆ ಹೇನು ಹತ್ತುತ್ತದೆ. 50 ಗ್ರಾಮು ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು, ಅರಿವೆಯಲ್ಲಿ ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಸಿಂಪಡಿಸಿದರೆ ಅದು ಹತೋಟಿಗೆ ಬರುತ್ತದೆ. ಮನೆಮಂದಿ ಉಣ್ಣುವ ಪಲ್ಯಕ್ಕೆ ಹತ್ತಿಯ ವಿಷದ ಔಷಧ ಎಂದಿಗೂ ಹೊಡೆಯಬಾರದು.

ಮರಾಠಿಯಲ್ಲಿ ಪರಸಬಾಗ ಎನ್ನುವುದೂ ಈ ನಮ್ಮ ಹಿತ್ತಲ ತೋಟವೇ. ಪ್ರತಿ ಮಗುವಿಗೆ ಒಂದೊಂದು ಮಡಿ ವಹಿಸಿಕೊಟ್ಟು, ಬಿತ್ತಿದ ದಿನ, ಕೊಯ್ದ ದಿನ, ಅಷ್ಟೇ ಪಲ್ಯಕ್ಕೆ ಸಂತೆಯ ಬೆಲೆ, ಈ ಮೂರನ್ನೂ ಕನ್ನಡದಲ್ಲಿ ಬರೆದಿಡಲು ಹೇಳೋಣ. ಶಿವರಾತ್ರಿಯ ಹೊತ್ತಿಗೆ ಆ ವಹಿಯನ್ನು ಕೂಡಿಸಿ ನೋಡಿದರೆ, ಚೆಲ್ಲಿಹೋಗುತ್ತಿದ್ದ ನೀರಿನ ಬೆಲೆ ಎಷ್ಟೆಂಬುದು ಮಕ್ಕಳಿಗೂ ನಮಗೂ ತಿಳಿಯುತ್ತದೆ.