ಲಿಂಕನ್ನನ ದಾಸ್ಯವಿಮೋಚನೆ: ಉದ್ದೇಶದ ವಿಚಾರ

ಅಬ್ರಹಾಂ ಲಿಂಕನ್ ಗುಲಾಮರ ವಿಮೋಚಕನೆಂದು ಪಠ್ಯಪುಸ್ತಕಗಳು ಕೊಂಡಾಡುತ್ತವೆ. ಆತನಿಗೆ ಬೇಕಾಗಿದ್ದುದು ದೇಶದ ಐಕ್ಯವೊಂದೇ, ಬಿಡುಗಡೆ ಕೇವಲ ಯುದ್ಧೋಪಾಯ ಎನ್ನುವವರೂ ಉಂಟು. ಈ ಎರಡನೆಯ ವಾದಕ್ಕೆ ಆಧಾರ ಆತನದೇ ಬರಹ. 1862ರ ಆಗಸ್ಟ್ 22ರಂದು ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದ ಬಹಿರಂಗ ಪತ್ರದಲ್ಲಿ, ಒಕ್ಕೂಟವನ್ನು ಉಳಿಸುವುದೇ ತನ್ನ ಪರಮ ಗುರಿ. ಗುಲಾಮರೆಲ್ಲರನ್ನು ಬಿಡಿಸಿಯೋ, ಯಾರನ್ನೂ ಬಿಡಿಸದೆಯೋ, ಕೆಲವರನ್ನಷ್ಟೇ ಬಿಡಿಸಿಯೋ ಅದು ಸಾಧ್ಯವಾಗುವುದಾದರೆ ಹಾಗೆಯೇ ಮಾಡುವೆನೆಂಬ ನಿಲುವನ್ನು ಆತ ಸ್ಪಷ್ಟಪಡಿಸಿದನು. ಇದು ಪದವಿಯ ಕರ್ತವ್ಯದ ಮಾತು, ಸಕಲ ಮಾನವರೂ ಸ್ವತಂತ್ರರಾಗಬೇಕೆಂಬ ಸ್ವಂತ ಬಯಕೆ ಬದಲಾಗಿಲ್ಲವೆಂದು ಕೊನೆಗೆ ಸೇರಿಸಿದನು. ಆ ಕೊನೆಯ ಸಾಲನ್ನು ಸ್ಮರಿಸುವವರು ವಿರಳ.

ವಿಶೇಷವೇನೆಂದರೆ, ಅದಕ್ಕೆ ಒಂದು ತಿಂಗಳ ಮೊದಲೇ, ಜುಲೈ 22ರಂದು, ವಿಮೋಚನಾ ಘೋಷಣೆಯ ಕರಡನ್ನು ಆತ ಮಂತ್ರಿಮಂಡಲದ ಮುಂದೆ ಓದಿಯಾಗಿತ್ತು. ಸೋಲುಗಳ ನಡುವೆ ಹೊರಡಿಸಿದರೆ ದೈನ್ಯವೆನಿಸೀತೆಂಬ ಸಚಿವ ಸೀವರ್ಡನ ಸಲಹೆಯಂತೆ ಅದು ಪೆಟ್ಟಿಗೆ ಸೇರಿತ್ತು. ಆದಕಾರಣ ಗ್ರೀಲಿಗೆ ಬರೆದ ಪತ್ರವನ್ನು ಉದಾಸೀನತೆಯ ಕುರುಹೆನ್ನುವುದಕ್ಕಿಂತ ಜನಮನವನ್ನು ಹದಗೊಳಿಸುವ ಯತ್ನವೆನ್ನುವುದು ಯುಕ್ತ. 1863ರ ಜನವರಿ 1ರಂದು ಜಾರಿಗೆ ಬಂದ ಘೋಷಣೆ ದಂಗೆಯೆದ್ದ ಪ್ರದೇಶಗಳಿಗಷ್ಟೇ ಅನ್ವಯಿಸಿತು. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್‌ಗಳ ಗುಲಾಮರನ್ನು ಅದು ಮುಟ್ಟಲಿಲ್ಲ. ಆ ರಾಜ್ಯಗಳು ಕೈತಪ್ಪಬಾರದೆಂಬ ಭಯ ಒಂದು ಕಡೆ; ಸೇನಾಧಿಪತ್ಯದ ಅಧಿಕಾರ ಶತ್ರುವಿನ ಮೇಲಷ್ಟೇ ನಡೆಯುವುದೆಂಬ ಸಂವಿಧಾನದ ತೊಡಕು ಮತ್ತೊಂದು ಕಡೆ.

ನಿಜವಾದ ಪರೀಕ್ಷೆ ಬಂದದ್ದು 1864ರ ಆಗಸ್ಟಿನಲ್ಲಿ. ಯುದ್ಧ ಮುಗಿಯುವ ಸೂಚನೆಯಿರಲಿಲ್ಲ; ಚುನಾವಣೆಯಲ್ಲಿ ಸೋಲು ಖಚಿತವೆಂದು ತೋರುತ್ತಿತ್ತು. ವಿಮೋಚನೆಯ ಷರತ್ತನ್ನು ಕೈಬಿಟ್ಟು ಸಂಧಿಗೆ ಯತ್ನಿಸೆಂದು ಸ್ವಪಕ್ಷದವರೇ ಒತ್ತಾಯಿಸಿದರು. ಆತನ ಚಿತ್ತವೂ ಕೆಲದಿನ ತೂಗಾಡಿತೆಂಬುದಕ್ಕೆ ಕಳುಹಿಸದೆ ಉಳಿದ ಕರಡುಗಳೇ ಸಾಕ್ಷಿ. ಆದರೆ ಒಕ್ಕೂಟಕ್ಕಾಗಿ ಶಸ್ತ್ರ ಹಿಡಿದ ಲಕ್ಷಕ್ಕೂ ಮಿಕ್ಕ ಕರಿಯ ಯೋಧರನ್ನು ಮತ್ತೆ ಒಡೆಯರಿಗೊಪ್ಪಿಸುವ ದ್ರೋಹಕ್ಕೆ ಆತ ಒಪ್ಪಲಿಲ್ಲ. ಐಕ್ಯ ಬೇರೆ, ಬಿಡುಗಡೆ ಬೇರೆ ಎಂದು ಆರಿಸಬೇಕಾದ ಗಳಿಗೆಯಲ್ಲಿ ಎರಡನ್ನೂ ಬಿಡಲಿಲ್ಲ. ಬೆವರಿಳಿಸಿದವನೇ ತನ್ನ ದುಡಿಮೆಯ ಅನ್ನವನ್ನು ಉಣ್ಣಬೇಕೆಂದು 1858ರಲ್ಲೇ ವಾದಿಸಿದ್ದವನಾತ. ಶರಣರ ಕಾಯಕತತ್ತ್ವವನ್ನರಿತವರಿಗೆ ಈ ಮಾತು ಹೊಸದೆನಿಸದು. 1865ರ ಹದಿಮೂರನೆಯ ತಿದ್ದುಪಡಿಯಿಂದ ದಾಸ್ಯ ದೇಶದಾದ್ಯಂತ ರದ್ದಾಯಿತು.

ಇದೇ ಕಾಲದ ಕನ್ನಡ ಜಿಲ್ಲೆಯನ್ನು ಇದರೊಡನೆ ಹೋಲಿಸಬಹುದು. 1801ರಲ್ಲಿ ಕಾರ್ಕಳ, ಉಡುಪಿಗಳ ದಾರಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ತುಳುನಾಡಿನ ಗದ್ದೆಗಳಲ್ಲಿ ದುಡಿಯುವ ಆಳುಗಳನ್ನು ಮಾರುವ, ಅಡವಿಡುವ ಪದ್ಧತಿಯನ್ನು ದಾಖಲಿಸಿದ್ದಾನೆ. ಕಂಪನಿ ಸರಕಾರದ 1843ರ ಕಾಯಿದೆ ಯಾರನ್ನೂ ಬಿಡಿಸಲಿಲ್ಲ. ಆಳಿನ ಮೇಲೆ ಒಡೆಯನಿಗಿದ್ದ ಹಕ್ಕನ್ನು ನ್ಯಾಯಾಲಯ ಮನ್ನಿಸದೆಂದಷ್ಟೇ ಹೇಳಿತು. ಭೂಮಾಲೀಕರನ್ನು ಕೆರಳಿಸಬಾರದೆಂಬ ಎಚ್ಚರವೇ ಅದರ ಹಿಂದಿತ್ತು. ಮನುಷ್ಯರನ್ನು ಗುಲಾಮರಾಗಿ ಕೊಳ್ಳುವುದು, ಮಾರುವುದು ಅಪರಾಧವಾದುದು 1862ರ ಜನವರಿ 1ರಂದು ಜಾರಿಗೆ ಬಂದ ದಂಡಸಂಹಿತೆಯಿಂದ. ಅಲ್ಲಿ ಘೋಷಣೆಯ ಬೆನ್ನಿಗೆ ಸೇನೆಯಿತ್ತು. ಇಲ್ಲಿ ಕಾಯಿದೆಯ ಬೆನ್ನಿಗೆ ಯಾರೂ ಇರಲಿಲ್ಲ. ಹೆಸರು ಬದಲಿಸಿ ಸಾಲದ ರೂಪದಲ್ಲಿ ಉಳಿದ ಜೀತವನ್ನು ತೊಡೆಯಲು ಸ್ವತಂತ್ರ ಭಾರತ 1976ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಬೇಕಾಯಿತು.