ಹೊಯಿಗೆಯಲ್ಲಿ 'ಕರಗುವ ತೊಟ್ಟೆ' ಎಷ್ಟು ಕರಗುತ್ತದೆ?

ಅಂಗಡಿಯ ಕೈಚೀಲ ಮಾತ್ರವಲ್ಲ, ಸಸಿ ಬೆಳೆಸುವ ತೊಟ್ಟೆಗೂ ಈಗ 'ಕರಗುವ ಪ್ಲಾಸ್ಟಿಕ್' ಬಂದಿದೆ. ಕರಗುವುದಾದರೆ ಎಲ್ಲಿ ಬಿಸಾಡಿದರೇನು ಎನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ತೋಟದ ಬದಿಯಲ್ಲಿ ಬಿಟ್ಟದ್ದು ಆಟಿ ಮಳೆಗೆ ತೋಡು, ಹೊಳೆ ದಾಟಿ ಕಡಲ ಬದಿಯ ಹೊಯಿಗೆ ಸೇರುತ್ತದೆ. ಅಲ್ಲಿ ಅದಕ್ಕೇನಾಗುತ್ತದೆ?

ಇಂಥವುಗಳಲ್ಲಿ ಹೆಚ್ಚು ಬಳಕೆಯ ಪಿ.ಎಲ್.ಎ. ಎಂಬುದು ಜೋಳ, ಕಬ್ಬಿನ ಸಕ್ಕರೆಯನ್ನು ಹುಳಿಸಿ ಮಾಡಿದ್ದು. ಸೂಕ್ಷ್ಮಜೀವಿಗಳಿಗೆ ಅದು ಸುಲಭದ ತುತ್ತಲ್ಲ. ಮೊದಲು ನೀರು, ಕಾವು ಸೇರಿ ಅದರ ಉದ್ದ ಸರಪಳಿಯನ್ನು ತುಂಡು ಮಾಡಬೇಕು. ಕಾವು 60 ಡಿಗ್ರಿ ಆಸುಪಾಸಿದ್ದರೆ ಈ ಕೆಲಸ ಚುರುಕು. 'ಕಂಪೋಸ್ಟ್ ಆಗುತ್ತದೆ' ಎಂಬ ಪರೀಕ್ಷೆ ನಡೆಯುವುದೂ ಸುಮಾರು 58 ಡಿಗ್ರಿಯಲ್ಲಿ. 180 ದಿನದೊಳಗೆ ಶೇ. 90 ಜೀರ್ಣವಾದರೆ ಪಾಸು. ನಮ್ಮ ಗೊಬ್ಬರಗುಂಡಿಯಲ್ಲಿ ಅಷ್ಟು ಕಾವು ತಿಂಗಳುಗಟ್ಟಲೆ ನಿಲ್ಲುವುದುಂಟೇ?

ಹೊಯಿಗೆಯ ಕತೆ ಇನ್ನೂ ಕಷ್ಟ. ಮಧ್ಯಾಹ್ನ ಕಾಲಿಡಲಾಗದಷ್ಟು ಸುಡುತ್ತದೆ, ಸರಿ. ಆದರೆ ಆಗ ಮೇಲ್ಪದರದಲ್ಲಿ ಪಸೆಯೇ ಇಲ್ಲ. ಒಂದು ಗೇಣು ಕೆಳಗೆ ಪಸೆ ಇದೆ, ಕಾವು ಇಲ್ಲ. ಸಾವಯವ ಅಂಶ ಕಡಿಮೆ, ಸಾರಜನಕ ಕಡಿಮೆ, ಹಾಗಾಗಿ ತಿನ್ನುವ ಜೀವಿಗಳೂ ಕಡಿಮೆ. ಬಿಸಿಲು ಪ್ಲಾಸ್ಟಿಕನ್ನು ಹಪ್ಪಳದ ಹಾಗೆ ಮಾಡುತ್ತದೆ. ತೆರೆ, ಹೊಯಿಗೆ ಸೇರಿ ಅರೆಯುತ್ತವೆ. ತೊಟ್ಟೆ ಮಾಯ! ಚೂರುಗಳು ಅಲ್ಲೇ ಇರುತ್ತವೆ. ಒಡೆಯುವುದು ಬೇರೆ, ಕೊಳೆಯುವುದು ಬೇರೆ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಹಿಡಿಸಿತು. ನಾವೂ ಮಾಡಿ ನೋಡುವಷ್ಟು ಸರಳ. ಚೀಲಗಳನ್ನು ಗಾಳಿ-ಬಿಸಿಲಿಗೆ ಒಡ್ಡಿದರು, ಮಣ್ಣಲ್ಲಿ ಹೂತರು, ಕಡಲ ನೀರಲ್ಲಿ ಮುಳುಗಿಸಿದರು. ಮಣ್ಣು, ನೀರಲ್ಲಿದ್ದ 'ಬಯೋಡಿಗ್ರೇಡಬಲ್' ಚೀಲದಲ್ಲಿ 3 ವರ್ಷದ ನಂತರವೂ ಸಾಮಾನು ಹೊರಬಹುದಿತ್ತು! 'ಕಂಪೋಸ್ಟಬಲ್' ಚೀಲ ಕಡಲಲ್ಲಿ 3 ತಿಂಗಳಲ್ಲಿ ಕಾಣದಾಯಿತು. ಮಣ್ಣಲ್ಲಿ 27 ತಿಂಗಳಾದರೂ ಇತ್ತು, ಭಾರ ಮಾತ್ರ ತಾಳುತ್ತಿರಲಿಲ್ಲ. ಗಾಳಿಗೆ ಒಡ್ಡಿದ್ದೆಲ್ಲ 9 ತಿಂಗಳಲ್ಲಿ ಚೂರುಚೂರು.

ಎಲ್ಲವೂ ಒಂದೇ ಜಾತಿಯಲ್ಲ. ಪಿ.ಎಚ್.ಎ. ಎಂಬುದನ್ನು ಬ್ಯಾಕ್ಟೀರಿಯಾಗಳೇ ಕೊಬ್ಬಿನಂತೆ ಮೈಯೊಳಗೆ ಕೂಡಿಡುತ್ತವೆ. ಅದನ್ನು ಕಡಲ ಜೀವಿಗಳೂ ತಿನ್ನುತ್ತವೆ. ಪಾಲಿಥೀನಿಗೆ ಪಿಷ್ಟ ಬೆರೆಸಿದ್ದರಲ್ಲಿ ಪಿಷ್ಟ ಹೋಗುತ್ತದೆ, ಪಾಲಿಥೀನ್ ಉಳಿಯುತ್ತದೆ. ಬಿಸಿಲಿಗೆ ಪುಡಿಯಾಗುವ 'ಆಕ್ಸೊ' ನಮೂನೆಯನ್ನು ಯುರೋಪಿನ ಒಕ್ಕೂಟ 2021ರಿಂದಲೇ ನಿಷೇಧಿಸಿದೆ. ಕೊಳ್ಳುವಾಗ ಯಾವ ಜಾತಿ ಎಂದು ಕೇಳಿ. ಗಿಡ ನೆಡುವಾಗ ತೊಟ್ಟೆ ಬಿಚ್ಚಿ ತೆಗೆಯುವುದನ್ನು ನಾನಂತೂ ಬಿಟ್ಟಿಲ್ಲ.

ಪರೀಕ್ಷಿಸುವವರು ತೊಟ್ಟೆಯ ನಾಲ್ಕು ತುಂಡು, ಜತೆಗೆ ಅಡಿಕೆ ಹಾಳೆಯ ನಾಲ್ಕು ತುಂಡು ಹಳೇ ಬಲೆಯಲ್ಲಿ ಕಟ್ಟಿ ಗೊಬ್ಬರಗುಂಡಿ, ತೋಟದ ಮಣ್ಣು, ಹೊಯಿಗೆಯಲ್ಲಿ ಮಳೆಗೆ ಮೊದಲೇ ಹೂತಿಡಿ. ಒಂದು ಜೊತೆ ಮನೆಯೊಳಗಿರಲಿ. ದೀಪಾವಳಿಗೆ ತೆಗೆದು, ತೊಳೆದು, ಪಕ್ಕ ಪಕ್ಕ ಇಟ್ಟು ನೋಡಿ.